ಡ್ರಿಲ್ ಮೇಷ್ಟ್ರಿಗೊಂದು ಪೇಟ

ಮೈಸೂರಿನಲ್ಲಿ ಸನ್ಮಾನಗಳಿಗೆ ಬರವಿಲ್ಲ. ಊರಿನ ಯಾವ ಸಭಾಂಗಣಕ್ಕೆ ಯಾವ ಸಂಜೆ ಹೋದರೂ ಅಲ್ಲಿ ಯಾರದಾದರೂ ತಲೆಯ ಮೇಲೆ ಜರಿಯ ಪೇಟ ಏರುತ್ತಿರುತ್ತದೆ. ಹೆಗಲಿಗೆ ಶಾಲು, ಕೊರಳಿಗೆ ಗಂಧದ ಹಾರ, ಕೈಗೆ ಹಣ್ಣಿನ ಬುಟ್ಟಿ ಒಂದರ ಹಿಂದೊಂದಾಗಿ ಬರುತ್ತಿರುತ್ತವೆ. ಅರಸರ ಕಾಲದಲ್ಲಿ ದರ್ಬಾರಿನ ಮರ್ಯಾದೆಯಾಗಿದ್ದ ಪೇಟ ಇಂದು ಕವಿ, ವೈದ್ಯ, ವರ್ತಕ, ನಿವೃತ್ತ ಅಧಿಕಾರಿ ಎಂಬ ಭೇದವಿಲ್ಲದೆ ಎಲ್ಲರ ತಲೆಯನ್ನೂ ಅಲಂಕರಿಸುತ್ತಿದೆ. ಪ್ರಜಾಪ್ರಭುತ್ವದ ಲಾಭಗಳಲ್ಲಿ ಇದೂ ಒಂದೆಂದು ಎಣಿಸಿದರೆ ತಪ್ಪಾಗಲಾರದು.

ಆದರೆ ಪೇಟಕ್ಕೂ ಒಂದು ಅಳತೆಯುಂಟು. ಪ್ರೌಢಶಾಲೆಯ ವಾರ್ಷಿಕೋತ್ಸವದಲ್ಲಿ ಈ ಮಾತು ಚೆನ್ನಾಗಿ ಮನವರಿಕೆಯಾಗುತ್ತದೆ. ಜಿಲ್ಲಾ ಮಟ್ಟದಲ್ಲಿ ಗೆದ್ದು ಬಂದ ಹದಿನೈದು ವರ್ಷದ ಹುಡುಗಿಯನ್ನು ವೇದಿಕೆಗೆ ಕರೆದು, ಮುಖ್ಯ ಅತಿಥಿಗಳು ತಮ್ಮ ತಲೆಯ ಅಳತೆಯ ಪೇಟವನ್ನು ಅವಳ ತಲೆಗಿಟ್ಟಾಗ, ಅದು ಹುಬ್ಬನ್ನು ದಾಟಿ ಕಣ್ಣಿನವರೆಗೂ ಇಳಿಯುತ್ತದೆ. ಸಭೆ ನಗುತ್ತದೆ, ಹುಡುಗಿಯೂ ನಗುತ್ತಾಳೆ, ಛಾಯಾಗ್ರಾಹಕನು "ಇನ್ನೊಂದ್ಸಲ ಸಾರ್" ಎನ್ನುತ್ತಾನೆ. ಆ ಹೊತ್ತಿನಲ್ಲಿ ವೇದಿಕೆಯ ಪಕ್ಕದಲ್ಲಿ, ಪರದೆಯ ಮರೆಯಲ್ಲಿ, ಕೊರಳಿಗೆ ಸೀಟಿ ಕಟ್ಟಿಕೊಂಡ ಒಬ್ಬರು ಧ್ವನಿವರ್ಧಕದ ಸಿಕ್ಕಿದ ತಂತಿಯನ್ನು ಬಿಡಿಸುತ್ತಾ ನಿಂತಿರುತ್ತಾರೆ. ಕುರ್ಚಿಗಳನ್ನು ಸಾಲಾಗಿ ಹಾಕಿಸಿದವರು ಅವರೇ. ಅತಿಥಿಗಳು ಬರುವ ದಾರಿಯಲ್ಲಿ ಮಕ್ಕಳನ್ನು ನೆಟ್ಟಗೆ ನಿಲ್ಲಿಸಿದವರೂ ಅವರೇ. ಆ ಹುಡುಗಿಯನ್ನು ಎರಡು ವರ್ಷ ಬೆಳಗಿನ ಮಂಜಿನಲ್ಲಿ ಓಡಿಸಿದವರು ಕೂಡ ಅವರೇ ಎಂಬುದು ವಂದನಾರ್ಪಣೆಯ ಪಟ್ಟಿಯಲ್ಲಿ ಬರುವುದೂ ಉಂಟು, ಬಾರದಿರುವುದೂ ಉಂಟು. ಬಂದರೆ, ಶಾಮಿಯಾನದವರ ಹೆಸರಿನ ಆಸುಪಾಸಿನಲ್ಲಿ ಬರುತ್ತದೆ.

ಸರ್ಕಾರದ ಕಡತಗಳು ಇವರನ್ನು ದೈಹಿಕ ಶಿಕ್ಷಣ ಶಿಕ್ಷಕರೆಂದು ಕರೆಯುತ್ತವೆ. ಜನರ ಬಾಯಲ್ಲಿ ಮಾತ್ರ ಇವರು ಡ್ರಿಲ್ ಮೇಷ್ಟ್ರು. ಈಚಿನ ಮಕ್ಕಳಿಗೆ ಪಿ.ಟಿ. ಸಾರ್. ಹೆಸರು ಬದಲಾದರೂ ಅದರ ಹಿಂದಿನ ಭಾವನೆ ಅಷ್ಟಾಗಿ ಬದಲಾಗಿಲ್ಲ. ಗಣಿತದ ಮೇಷ್ಟ್ರು ರಜೆ ಹಾಕಿದರೆ ಮಕ್ಕಳ ಗದ್ದಲ ಅಡಗಿಸಲು ಇವರು ಬೇಕು. ಗಣಿತದ ಪಾಠ ಹಿಂದುಳಿದರೆ ಮೊದಲು ಬಲಿಯಾಗುವುದು ಇವರ ತರಗತಿ. ದಕ್ಷಿಣ ಭಾರತದಲ್ಲಿ ಈ ವೃತ್ತಿಗೆ ಒಂದು ಶಾಸ್ತ್ರೀಯ ನೆಲೆಯನ್ನು ಒದಗಿಸಿದವರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು ಮುಖ್ಯರು. ಅವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಆಶ್ರಯದಲ್ಲಿ ದೈಹಿಕ ಶಿಕ್ಷಣದ ಕಾಲೇಜನ್ನು ಆರಂಭಿಸಿದರು. ಅಂಗಸಾಧನೆಯೂ ವಿದ್ಯೆಯ ಒಂದು ಭಾಗ, ಆಟವೂ ಒಂದು ಪಾಠ ಎಂಬುದನ್ನು ಕಲಿತ ಶಿಕ್ಷಕರು ಅಂಥ ಕಡೆಗಳಿಂದ ಶಾಲೆಗಳಿಗೆ ಬಂದರು. ಬಂದವರಿಗೆ ಶಾಲೆಗಳು ಒಂದು ಸೀಟಿಯನ್ನು ಕೊಟ್ಟು, ಪ್ರಾರ್ಥನೆಯ ಹೊತ್ತಿನಲ್ಲಿ ಸಾಲು ನೇರ ಮಾಡುವ ಕೆಲಸಕ್ಕೆ ಹಚ್ಚಿದವು.

ಮಕ್ಕಳ ಕಣ್ಣಿಗೂ ಡ್ರಿಲ್ ಎಂಬುದು ಆಟದ ವೈರಿಯಾಗಿಯೇ ಕಂಡಿದೆ. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ಮೊದಲ ಕಾದಂಬರಿ 1935ರಲ್ಲಿ ಹೊರಬಂದಿತು. ಅದರ ನಾಯಕನಾದ ಸ್ವಾಮಿ ಕ್ರಿಕೆಟ್ಟಿನ ಅಭ್ಯಾಸಕ್ಕಾಗಿ ಡ್ರಿಲ್ ತರಗತಿಯನ್ನು ತಪ್ಪಿಸುತ್ತಾನೆ. ಆ ಕಾರಣದಿಂದ ಮುಖ್ಯೋಪಾಧ್ಯಾಯರ ಕೋಪಕ್ಕೆ ಗುರಿಯಾಗಿ ಊರು ಬಿಟ್ಟು ಓಡುತ್ತಾನೆ. ಕೊನೆಗೆ ಯಾವ ಪಂದ್ಯಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ಪಂದ್ಯವೇ ಅವನ ಕೈತಪ್ಪುತ್ತದೆ. ಓದುವವರು ಇಂದಿಗೂ ಸ್ವಾಮಿಯ ಪಕ್ಷ. ಆದರೆ ಆ ತರಗತಿಯಲ್ಲಿ ಒಬ್ಬ ಒಳ್ಳೆಯ ಡ್ರಿಲ್ ಮೇಷ್ಟ್ರು ಇದ್ದು, ಹುಡುಗನ ಕೈಗೆ ಚೆಂಡನ್ನು ಕೊಟ್ಟಿದ್ದರೆ ಅವನು ಓಡಬೇಕಾಗಿರಲಿಲ್ಲ. ಪಾಪ, ಕಾದಂಬರಿಯೂ ಆಗುತ್ತಿರಲಿಲ್ಲ.

ಒಂದು ಮಗು ಶಾಲೆಯ ಮೈದಾನದಿಂದ ರಾಜ್ಯದ ಕ್ರೀಡಾಕೂಟಕ್ಕೆ ತಲುಪಬೇಕಾದರೆ ಎಷ್ಟು ಮೆಟ್ಟಿಲುಗಳುಂಟೆಂಬುದು ಮನೆಯ ಹಿರಿಯರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಶಾಲೆಯಲ್ಲಿ ಗೆದ್ದವರು ಹೋಬಳಿ ಅಥವಾ ವಲಯ ಮಟ್ಟಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಜಿಲ್ಲೆಗೆ, ವಿಭಾಗಕ್ಕೆ, ಆಮೇಲೆ ರಾಜ್ಯಕ್ಕೆ. ರಾಜ್ಯದ ಆಚೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ; ಅದನ್ನು ನೋಡಿಕೊಳ್ಳಲು 1954ರಲ್ಲೇ ಒಂದು ಅಖಿಲ ಭಾರತ ಒಕ್ಕೂಟ ಹುಟ್ಟಿತು. ಪ್ರತಿಯೊಂದು ಮೆಟ್ಟಿಲಲ್ಲೂ ವಯಸ್ಸಿನ ದೃಢೀಕರಣ, ಭಾವಚಿತ್ರ, ಮುಖ್ಯೋಪಾಧ್ಯಾಯರ ಸಹಿ, ತಂದೆತಾಯಿಗಳ ಒಪ್ಪಿಗೆ. ಬಸ್ಸು ಹಿಡಿಯುವುದು, ಮಕ್ಕಳನ್ನು ಎಣಿಸುವುದು, ಊಟದ ಪೊಟ್ಟಣ ಹಂಚುವುದು, ಕಾಲು ಉಳುಕಿದವನಿಗೆ ಮುಲಾಮು ಹಚ್ಚುವುದು, ಸೋತವಳನ್ನು ಸಮಾಧಾನ ಮಾಡುವುದು, ಕತ್ತಲಾದ ಮೇಲೆ ಒಬ್ಬೊಬ್ಬರನ್ನೂ ಅವರವರ ಮನೆಯ ತಿರುವಿನವರೆಗೆ ಬಿಟ್ಟು ಬರುವುದು, ಇವೆಲ್ಲ ಯಾವ ಪಠ್ಯಕ್ರಮದಲ್ಲಿಯೂ ಇಲ್ಲ. ಆದರೂ ವರ್ಷ ವರ್ಷವೂ ನಡೆಯುತ್ತವೆ. ಶಾಲೆಗೆ ಸ್ವಂತ ಮೈದಾನವಿಲ್ಲದಿದ್ದರೆ ಓವಲ್ ಮೈದಾನವೋ ಚಾಮುಂಡಿ ವಿಹಾರ ಕ್ರೀಡಾಂಗಣವೋ ಇದೆ. ಬೆಳಗಿನ ಆರು ಗಂಟೆಗೆ ಓವಲ್ ಮೈದಾನದ ಬಳಿ ವಾಯುವಿಹಾರಕ್ಕೆ ಬರುವ ಹಿರಿಯರಿಗೆ ಸೀಟಿಯ ಸದ್ದು ಪರಿಚಿತವೇ. ಸೀಟಿ ಊದಿದವರ ಮುಖವನ್ನು ನೋಡಿದವರು ಕಡಿಮೆ.

ಗೆದ್ದವರ ಮುಖವನ್ನು ಮಾತ್ರ ಊರು ಮರೆಯುವುದಿಲ್ಲ. ಜಾವಗಲ್ ಶ್ರೀನಾಥರ ವಿಷಯವನ್ನೇ ತೆಗೆದುಕೊಳ್ಳಬಹುದು. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಓದಿ, ಇಂಜಿನಿಯರಿಂಗ್ ಮುಗಿಸಿದ ಈ ಎತ್ತರದ ಹುಡುಗ 67 ಟೆಸ್ಟ್ ಪಂದ್ಯಗಳಲ್ಲಿ 236, ಏಕದಿನದ 229 ಪಂದ್ಯಗಳಲ್ಲಿ 315 ವಿಕೆಟ್‌ಗಳನ್ನು ಪಡೆದನೆಂಬುದನ್ನು ಊರಿನ ಹೋಟೆಲುಗಳಲ್ಲಿ ಕಾಫಿ ಕುಡಿಯುವವರು ಗುಣಿತದ ಮಗ್ಗಿಯಂತೆ ಒಪ್ಪಿಸಬಲ್ಲರು. 'ಮೈಸೂರು ಎಕ್ಸ್‌ಪ್ರೆಸ್' ಎಂಬ ಬಿರುದು ಅವರಿಗೆ ಬಂದಾಗ ಅರ್ಧ ಊರಿಗೆ ತಮಗೇ ಬಂದಂತೆ ಆಯಿತು. ಆ ಹೆಮ್ಮೆ ತಪ್ಪಲ್ಲ. ಆದರೆ ಅದೇ ಕಾಫಿಯ ಮೇಜಿನಲ್ಲಿ, ತಮ್ಮ ಮಗನ ಶಾಲೆಯಲ್ಲಿ ಚೆಂಡು ಹಿಡಿಯುವುದನ್ನು ಕಲಿಸುವವರ ಹೆಸರೇನೆಂದು ಕೇಳಿದರೆ ಎಷ್ಟು ಮಂದಿ ತಟ್ಟನೆ ಉತ್ತರ ಕೊಟ್ಟಾರು?

ತೀರ ಈಚಿನ ಮಾತು ಇನ್ನೊಂದುಂಟು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊತ್ತಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಖೋ ಖೋ ಬಡವರ ಆಟ. ಅದಕ್ಕೆ ಬೇಕಾದುದು ಎರಡು ಕಂಬ, ಒಂದು ಬುಟ್ಟಿ ಸುಣ್ಣದ ಪುಡಿ, ಮತ್ತು ಎಂಟು ಮಂದಿಯನ್ನು ಅಕ್ಕಪಕ್ಕದವರ ಮುಖ ವಿರುದ್ಧ ದಿಕ್ಕುಗಳಿಗೆ ಇರುವಂತೆ ಸಾಲಾಗಿ ಕೂರಿಸಿ, ಒಂಬತ್ತನೆಯವಳನ್ನು ಓಡಿಸಬಲ್ಲ ಒಬ್ಬ ಶಿಕ್ಷಕ. ಮೊದಲಿನ ಎರಡು ಎಲ್ಲ ಊರುಗಳಲ್ಲಿಯೂ ಸಿಗುತ್ತವೆ. ಮೂರನೆಯದು ಸಿಕ್ಕ ಊರು ವಿಶ್ವಕಪ್ಪಿನವರೆಗೆ ಹೋಗುತ್ತದೆ.

ಆ ಗೆಲುವಿನ ಬೆನ್ನಲ್ಲೇ ಸನ್ಮಾನದ ಪ್ರಶ್ನೆ ಬಂದಿತು. ರಾಜ್ಯ ಸರ್ಕಾರ 5 ಲಕ್ಷ ರೂಪಾಯಿಗಳನ್ನು ಘೋಷಿಸಿತು. ಚೈತ್ರಾ ಅವರೂ, ಪುರುಷರ ತಂಡದಲ್ಲಿದ್ದ ಕರ್ನಾಟಕದ ಎಂ. ಕೆ. ಗೌತಮ್ ಅವರೂ ಆ ಮೊತ್ತವನ್ನು ಸ್ವೀಕರಿಸಲು ಒಪ್ಪಲಿಲ್ಲ. ನೆರೆಯ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಯ ಲೆಕ್ಕದಲ್ಲಿ ಹಣವನ್ನೂ ಸರ್ಕಾರಿ ನೌಕರಿಯನ್ನೂ ಘೋಷಿಸಿರುವಾಗ ತಮಗೇಕೆ ಈ ತಾರತಮ್ಯವೆಂದು ಕೇಳಿದರು. ಇದನ್ನು ಕೇಳಿ ಕೆಲವರು ಹುಬ್ಬು ಗಂಟಿಕ್ಕಿರಬಹುದು. ಕೊಟ್ಟದ್ದನ್ನು ಕೈಮುಗಿದು ತೆಗೆದುಕೊಳ್ಳುವುದೇ ವಿನಯವೆಂದು ನಂಬಿರುವವರು ನಮ್ಮಲ್ಲಿ ಬಹಳ. ಆದರೆ ಶಾಲು ಬೆಚ್ಚಗಿರುವುದು ಸಭೆ ಮುಗಿಯುವವರೆಗೆ. ಹಣ್ಣಿನ ಬುಟ್ಟಿ ಬರಿದಾಗುವುದಕ್ಕೆ ಮೂರು ದಿನ ಸಾಕು. ಆಡುವ ವಯಸ್ಸು ಕಳೆದ ಮೇಲೆ ಆಟಗಾರ್ತಿ ಬದುಕಬೇಕಾದ ವರ್ಷಗಳು ಇನ್ನೂ ನಲವತ್ತು ಐವತ್ತು ಇರುತ್ತವೆ. ಸನ್ಮಾನವೆಂದರೆ ಆ ವರ್ಷಗಳ ಲೆಕ್ಕವನ್ನೂ ಹಿಡಿಯುವುದೆಂದು ಅವರು ನೆನಪಿಸಿದರು. ಆಟಗಾರ್ತಿಯ ಗತಿಯೇ ಹೀಗಿರುವಲ್ಲಿ, ಅವಳನ್ನು ಎಳೆವಯಸ್ಸಿನಲ್ಲಿ ತಿದ್ದಿದವರ ಪಾಲಿಗೆ ಏನು ಉಳಿದೀತು?

ಮೈಸೂರು ಗುರುವನ್ನು ಗೌರವಿಸಲರಿಯದ ಊರಲ್ಲ. ಸರ್ವೇಪಲ್ಲಿ ರಾಧಾಕೃಷ್ಣನ್ನರು 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯ ಕುದುರೆಗಳನ್ನು ಬಿಚ್ಚಿ, ಹೂವಿನಿಂದ ಅಲಂಕರಿಸಿ, ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಅವರ ಜನ್ಮದಿನವಾದ ಸೆಪ್ಟೆಂಬರ್ 5 ಇಂದು ದೇಶಕ್ಕೆಲ್ಲ ಶಿಕ್ಷಕರ ದಿನ. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಆಗಸ್ಟ್ 29ರಂದು, ಹಾಕಿಯ ಮಾಂತ್ರಿಕ ಧ್ಯಾನ್‌ಚಂದರ ಜನ್ಮದಿನ. ಅದು ರಾಷ್ಟ್ರೀಯ ಕ್ರೀಡಾದಿನ. ಎರಡು ಹಬ್ಬಗಳೂ ನ್ಯಾಯವಾಗಿ ಡ್ರಿಲ್ ಮೇಷ್ಟ್ರಿಗೆ ಸೇರತಕ್ಕವು. ನಡೆಯುವುದೋ ಬೇರೆ. ಕ್ರೀಡಾದಿನದಂದು ಸನ್ಮಾನ ಆಟಗಾರರಿಗೆ. ಮೇಷ್ಟ್ರು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಾರೆ. ಶಿಕ್ಷಕರ ದಿನದಂದು ಸನ್ಮಾನ ಪಾಠ ಹೇಳುವವರಿಗೆ; ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ.

ಸರ್ಕಾರಗಳು ಈ ಅನ್ಯಾಯವನ್ನು ಪೂರ್ತಿಯಾಗಿ ಮರೆತಿವೆ ಎನ್ನುವಂತಿಲ್ಲ. ಆಟಗಾರರಿಗೆ ಅರ್ಜುನ ಪ್ರಶಸ್ತಿ 1961ರಲ್ಲಿಯೇ ಬಂದರೆ, ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಅಂದರೆ ಶಿಷ್ಯನಿಗೆ ಮರ್ಯಾದೆ ಸಂದು ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ ಗುರುವಿನ ನೆನಪಾಯಿತು. ನಮ್ಮ ರಾಜ್ಯದ ಕ್ರೀಡಾಪ್ರಶಸ್ತಿಗೆ ಏಕಲವ್ಯನ ಹೆಸರಿದೆ. ಹೆಬ್ಬೆರಳು ಕೇಳಿದ ಗುರುವಿನ ಹೆಸರು ದೆಹಲಿಯಲ್ಲಿ, ಹೆಬ್ಬೆರಳು ಕೊಟ್ಟ ಶಿಷ್ಯನ ಹೆಸರು ಬೆಂಗಳೂರಿನಲ್ಲಿ! ಹೆಸರಿಟ್ಟವರಿಗೆ ಈ ವಿನೋದ ಹೊಳೆಯಿತೋ ಇಲ್ಲವೋ. ಆದರೆ ಶಾಲೆಯ ಮೈದಾನದಲ್ಲಿ ಕಥೆ ತಿರುಗುಮುರುಗಾಗಿದೆ. ಅಲ್ಲಿ ಹೆಬ್ಬೆರಳು ಕೊಡುವವರು ಗುರುಗಳೇ. ಓಟದ ಬೂಟು ಕೊಳ್ಳಲಾರದ ಹುಡುಗನಿಗೆ ತಮ್ಮ ಸಂಬಳದಲ್ಲಿ ಬೂಟು ಕೊಡಿಸಿ, ಮನೆಯಲ್ಲಿ ಆ ಲೆಕ್ಕವನ್ನು ಬೇರೆ ಬಾಬಿಗೆ ಸೇರಿಸುವ ದ್ರೋಣರು ಇದ್ದಾರೆ.

ಮೊದಲ ವರ್ಷದ ದ್ರೋಣಾಚಾರ್ಯರಲ್ಲಿ ಒ. ಎಂ. ನಂಬಿಯಾರರು ಒಬ್ಬರು. ಕಣ್ಣೂರಿನ ಕ್ರೀಡಾಶಾಲೆಯಲ್ಲಿ ಓದುತ್ತಿದ್ದ ಪುಟ್ಟ ಹುಡುಗಿ ಪಿ. ಟಿ. ಉಷಾಳನ್ನು ಗುರುತಿಸಿ ಬೆಳೆಸಿದವರು ಅವರು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಉಷಾ ಸೆಕೆಂಡಿನ ನೂರರಲ್ಲೊಂದು ಭಾಗದಿಂದ ಕಂಚನ್ನು ಕಳೆದುಕೊಂಡು ನಾಲ್ಕನೆಯವರಾದರು. ದೇಶ ಆ ನಾಲ್ಕನೆಯ ಸ್ಥಾನವನ್ನು ಹೃದಯದಲ್ಲಿಟ್ಟುಕೊಂಡಿತು. ಮರುವರ್ಷ ಗುರುವನ್ನು ಕರೆದು ಗೌರವಿಸಿತು. ಬೆಂಗಳೂರಿನಲ್ಲಿ ತಲೆಮಾರುಗಳ ಓಟಗಾರರನ್ನು ತಯಾರು ಮಾಡಿದ ಎನ್. ಲಿಂಗಪ್ಪನವರಿಗೆ ಅದೇ ಪ್ರಶಸ್ತಿ ಬಂದದ್ದು 2014ರಲ್ಲಿ, ಮುಪ್ಪಿನ ಕಾಲದಲ್ಲಿ. ತಡವಾಗಿ ಬಂದರೂ ಬಂದಿತಲ್ಲ ಎಂದು ಸಂತೋಷಪಡಬೇಕಾದದ್ದೇ. ಆದರೆ ಇವೆಲ್ಲ ಬೆಟ್ಟದ ತುದಿಯ ಮಾತು. ಬೆಟ್ಟದ ಬುಡದಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಲು ಕುವೆಂಪುನಗರದ ಒಂದು ಮನೆಗೆ ಹೋಗಬೇಕು.

ಸಂಜೆ ಆರು ಗಂಟೆ. ಮನೆಯ ಯಜಮಾನರು ಬ್ಯಾಂಕಿನಿಂದ ಆಗತಾನೆ ಬಂದಿದ್ದಾರೆ. ಬಾಗಿಲಲ್ಲಿ ಡ್ರಿಲ್ ಮೇಷ್ಟ್ರು.

"ಬನ್ನಿ ಮೇಷ್ಟ್ರೆ, ಕೂತ್ಕೊಳ್ಳಿ. ಮಗು ಏನಾದರೂ ತಂಟೆ ಮಾಡಿದಳೆ?"

"ತಂಟೆ ಏನೂ ಇಲ್ಲ ಸಾರ್. ಒಂದು ವಾರದಿಂದ ಮೈದಾನಕ್ಕೆ ಬಂದಿಲ್ಲ. ಹುಷಾರಿಲ್ಲವೇನೋ, ನೋಡಿಕೊಂಡು ಹೋಗೋಣ ಅಂತ ಬಂದೆ."

ಯಜಮಾನರು ಹೆಂಡತಿಯ ಮುಖ ನೋಡಿದರು. ಆಕೆ ಕಾಫಿಯ ಲೋಟವನ್ನು ಮೇಷ್ಟ್ರ ಮುಂದಿಟ್ಟು, "ಹುಷಾರಾಗಿದ್ದಾಳೆ. ಈ ವರ್ಷ ಎಸ್ಸೆಸ್ಸೆಲ್ಸಿ ಅಲ್ಲವೆ? ಬೆಳಿಗ್ಗೆ ಐದಕ್ಕೆ ಎದ್ದು ಓಡಿ ಬಂದರೆ ಸಂಜೆ ಪುಸ್ತಕ ಹಿಡಿದ ಕೂಡಲೆ ತೂಕಡಿಸ್ತಾಳೆ. ನಾವೇ ಬೇಡ ಅಂದೆವು" ಎಂದರು.

"ನಿಮ್ಮ ಮಾತು ಸುಳ್ಳಲ್ಲ ಅಮ್ಮ. ನನ್ನ ಮಗಳನ್ನೂ ಆ ವರ್ಷ ನಾನು ಟ್ಯೂಷನ್ನಿಗೆ ಕಳಿಸಿದವನೇ" ಎಂದರು ಮೇಷ್ಟ್ರು. "ಆದರೆ ಇವಳು ಜಿಲ್ಲೆಯಲ್ಲಿ ಎಂಟು ನೂರು ಮೀಟರಿನಲ್ಲಿ ಮೊದಲನೆಯವಳು. ವಿಭಾಗದ ಕೂಟ ಇನ್ನು ಐದು ವಾರ ಇದೆ. ವಾರಕ್ಕೆ ನಾಲ್ಕು ದಿನ, ಒಂದೊಂದು ಗಂಟೆ ಬಿಡಿ. ಕೂಟ ಮುಗಿದ ಮಾರನೆಯ ದಿನ ನಾನೇ ಅವಳಿಗೆ ಮೈದಾನಕ್ಕೆ ಬರಬೇಡ, ಓದಿಕೋ ಅಂತೀನಿ."

"ಗೆಲ್ತಾಳಾ ಮೇಷ್ಟ್ರೆ?" ಎಂದರು ಯಜಮಾನರು.

ಮೇಷ್ಟ್ರು ಸ್ವಲ್ಪ ಹೊತ್ತು ಲೋಟವನ್ನೇ ನೋಡುತ್ತಿದ್ದು, "ಅದನ್ನು ಹೇಳೋಕಾಗಲ್ಲ ಸಾರ್. ಓಡ್ತಾಳೆ. ಅಷ್ಟು ಹೇಳ್ತೀನಿ" ಎಂದರು.

ಒಳಕೋಣೆಯ ಬಾಗಿಲ ಸಂದಿಯಲ್ಲಿ ನಿಂತು ಹುಡುಗಿ ಇದನ್ನೆಲ್ಲ ಕೇಳುತ್ತಿದ್ದಳು. ಮಾರನೆಯ ಬೆಳಿಗ್ಗೆ ಐದು ಗಂಟೆಗೆ ಅವಳನ್ನು ಎಬ್ಬಿಸಿದವರು ತಾಯಿಯೇ.

ವಿಭಾಗದ ಕೂಟದಲ್ಲಿ ಅವಳು ನಾಲ್ಕನೆಯವಳಾಗಿ ಬಂದಳು. ಮೊದಲ ಮೂವರು ಪೀಠ ಹತ್ತಿ ಪದಕ ಧರಿಸಿದರು. ನಾಲ್ಕನೆಯವಳು ಬೇಲಿಯ ಬಳಿ ಕುಳಿತು ಬೂಟಿನ ದಾರ ಬಿಚ್ಚಿದಳು. ಮೇಷ್ಟ್ರು ಪಕ್ಕದಲ್ಲಿ ಬಂದು ಕುಳಿತು, ಕಿಸೆಯಿಂದ ಒಂದು ಹಳೆಯ ಪುಸ್ತಕ ತೆಗೆದು, ಅವಳ ಹೆಸರಿನ ಮುಂದೆ "2 ನಿಮಿಷ 31 ಸೆಕೆಂಡು" ಎಂದು ಬರೆದರು. ಅದರ ಮೇಲಿನ ಸಾಲಿನಲ್ಲಿ ಜಿಲ್ಲೆಯ ಕೂಟದ ಲೆಕ್ಕವಿತ್ತು: 2 ನಿಮಿಷ 35. "ನೋಡಿಕೋ ಮಗು. ಅಲ್ಲಿ ಗೆದ್ದೆ, ಇಲ್ಲಿ ಸೋತೆ. ಆದರೆ ಇಲ್ಲೇ ಚೆನ್ನಾಗಿ ಓಡಿದ್ದೀಯ" ಎಂದರು. ಆ ಪುಸ್ತಕದಲ್ಲಿ ಇಪ್ಪತ್ತಾರು ವರ್ಷಗಳ ಹೆಸರುಗಳಿದ್ದವು. ಪತ್ರಿಕೆಯಲ್ಲಿ ಚಿತ್ರ ಬಂದವರು ಅದರಲ್ಲಿ ಮೂರು ನಾಲ್ಕು ಮಂದಿ. ಉಳಿದವರೆಲ್ಲ ಓಡಿ, ಬೆವರಿ, ತಮ್ಮ ತಮ್ಮ ಕಾಲವನ್ನು ಒಂದೆರಡು ಸೆಕೆಂಡು ತಗ್ಗಿಸಿಕೊಂಡು, ಸಂಸಾರ ನೌಕರಿಗಳ ದಾರಿ ಹಿಡಿದವರು. ಅವರೊಬ್ಬೊಬ್ಬರನ್ನೂ ಒಂದು ಸಾಲಿನಷ್ಟಾದರೂ ನೆನಪಿನಲ್ಲಿಟ್ಟ ಸನ್ಮಾನಪತ್ರ ಜಗತ್ತಿನಲ್ಲಿ ಅದೊಂದೇ.

ಶಿಷ್ಯನನ್ನೂ ಗುರುವನ್ನೂ ಒಟ್ಟಿಗೆ ಗೌರವಿಸುವ ಬಗೆಯನ್ನು ಮೈಸೂರು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಅದು ಊರಿನ ಗರಡಿಮನೆಗಳಲ್ಲಿ ಹಿಂದಿನಿಂದಲೂ ಇದೆ. ಕೆಮ್ಮಣ್ಣಿಗೆ, ಆಂಜನೇಯನಿಗೆ, ಉಸ್ತಾದರಿಗೆ ಕೈಮುಗಿಯದೆ ಅಖಾಡಕ್ಕೆ ಇಳಿಯುವ ಪೈಲ್ವಾನನಿಲ್ಲ. ದಸರೆಯ ಕುಸ್ತಿಗೆ ದೇವರಾಜ ಅರಸು ಕ್ರೀಡಾಂಗಣದಲ್ಲಿ ಜೋಡಿ ಕಟ್ಟುವಾಗ, ಇಂಥ ಗರಡಿಯವನು, ಇಂಥ ಉಸ್ತಾದರ ಶಿಷ್ಯ ಎಂದೇ ಪೈಲ್ವಾನನ ಗುರುತು. ಗೆದ್ದವನ ಹೆಗಲಿಗೆ ಬೆಳ್ಳಿಯ ಗದೆ ಬಂದರೆ ಅದು ಅವನೊಬ್ಬನದಲ್ಲ. ಗರಡಿಗೆ ಗರಡಿಯೇ ಹೆಗಲು ಕೊಡುತ್ತದೆ. ಸೋತವನನ್ನು ಬೆನ್ನು ತಟ್ಟಿ ಕರೆದೊಯ್ಯುವವರೂ ಅದೇ ಉಸ್ತಾದರು. ಮಣ್ಣಿನಲ್ಲಿ ಆಡುವವರು ಅರಿತ ಈ ಮರ್ಯಾದೆಯನ್ನು ಪುಸ್ತಕ ಓದುವ ಶಾಲೆಗಳು ಮರೆತಿರುವುದು ವಿಚಿತ್ರವೇ ಸರಿ. ಮಗುವಿನ ಪ್ರಶಸ್ತಿಪತ್ರದಲ್ಲಿ ಹೆಸರು, ಶಾಲೆ, ಸ್ಪರ್ಧೆ, ಸ್ಥಾನ ಇವುಗಳಿಗೆ ಗೆರೆ ಎಳೆದಿರುತ್ತಾರೆ. ಇನ್ನೊಂದು ಗೆರೆ ಎಳೆದು 'ಕಲಿಸಿದವರು' ಎಂದು ಅಚ್ಚು ಹಾಕಿಸಿದರೆ ಹೆಚ್ಚಿನ ಖರ್ಚೇನೂ ಆಗದು. ಆ ಒಂದು ಗೆರೆಯಿಂದ ಸಂಬಳ ಏರುವುದಿಲ್ಲ, ಮೈದಾನ ಹುಟ್ಟುವುದಿಲ್ಲ, ದೈಹಿಕ ಶಿಕ್ಷಕರಿಲ್ಲದ ಶಾಲೆಗಳಿಗೆ ಶಿಕ್ಷಕರು ಬರುವುದಿಲ್ಲ ಎಂಬುದು ನಿಜ. ಆದರೆ ಹೆಸರಿಲ್ಲದವರಿಗೋಸ್ಕರ ಯಾರೂ ಏನನ್ನೂ ಕೇಳುವುದಿಲ್ಲ. ಕೇಳಬೇಕಾದರೆ ಮೊದಲು ಹೆಸರು ಗೊತ್ತಿರಬೇಕು.

ಆ ವರ್ಷದ ವಾರ್ಷಿಕೋತ್ಸವದಲ್ಲಿ ಕುವೆಂಪುನಗರದ ಹುಡುಗಿಯನ್ನೂ ವೇದಿಕೆಗೆ ಕರೆದರು, ಜಿಲ್ಲೆಯಲ್ಲಿ ಮೊದಲನೆಯವಳಲ್ಲವೆ? ಪೇಟ ಎಂದಿನಂತೆ ಕಣ್ಣಿಗೆ ಇಳಿಯಿತು. ಸಭೆ ಎಂದಿನಂತೆ ನಕ್ಕಿತು. ಹುಡುಗಿ ಪೇಟವನ್ನು ಎರಡು ಕೈಯಲ್ಲಿ ಮೇಲೆತ್ತಿ ಅತ್ತ ಇತ್ತ ಯಾರನ್ನೋ ಹುಡುಕಿದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ತಂದೆಗೆ ಅದು ಅರ್ಥವಾಯಿತು. ಸಭೆಗಳಲ್ಲಿ ಬಾಯಿ ತೆರೆದವರಲ್ಲ ಅವರು. ಆದರೂ ಎದ್ದು ನಿಂತು, ಸಂಕೋಚದಿಂದಲೇ, "ಮೇಷ್ಟ್ರೆಲ್ಲಿ?" ಎಂದು ಕೇಳಿದರು.

ಪರದೆಯ ಮರೆಯಿಂದ ಮೇಷ್ಟ್ರು ಹೊರಬಂದರು. ಕೈಯಲ್ಲಿ ಇನ್ನೂ ತಂತಿಯ ಸುರುಳಿ ಇತ್ತು. ಅದನ್ನು ಎಲ್ಲಿಡಬೇಕೆಂದು ತೋಚದೆ ಅವರು ಸುತ್ತ ನೋಡುತ್ತಿರುವಾಗ ಹುಡುಗಿ ಓಡಿ ಹೋಗಿ ಪೇಟವನ್ನು ಅವರ ತಲೆಗಿಟ್ಟಳು. ಅದು ಅಳತೆಗೆ ಸರಿಯಾಗಿ ಕುಳಿತಿತು.